ಅರ್ಧ ಎಳೆದ ಶಟರ್

2025ರ ಆಗಸ್ಟ್ 30, ಶನಿವಾರ. ಬೆಳಗ್ಗೆ ಹತ್ತೂವರೆ ಹೊತ್ತಿಗೆ ನಮ್ಮ ದೊಡ್ಡವ್ವ ಮುಂಬಯಿಯ ವಿಟಿ, ಅಂದರೆ ಈಗಿನ ಸಿಎಸ್‌ಎಂಟಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ಮೇಲೆ ಒಂದು ಕಂಬಕ್ಕೆ ಒರಗಿ ಕೂತಿದ್ದರು. ಮಡಿಲಲ್ಲಿ ಎಲೆ ಅಡಿಕೆ ಸಂಚಿ. ಸುತ್ತ ಎಲ್ಲಿ ನೋಡಿದರೂ ಭಗವಾ ಟೋಪಿ, ಭಗವಾ ಶಲ್ಯ. ಕೆಲವರು ಚೀಲ ತಲೆದಿಂಬು ಮಾಡಿಕೊಂಡು ಮಲಗಿದ್ದರು. ಕೆಲವರು ಒದ್ದೆ ಪ್ಯಾಂಟನ್ನು ಬೆಂಚಿನ ಮೇಲೆ ಒಣಹಾಕಿದ್ದರು. ಆಗಾಗ ಯಾರೋ ಒಬ್ಬರು ಘೋಷಣೆ ಕೂಗಿದರೆ ಇಡೀ ಸ್ಟೇಷನ್ ಗುಡುಗಿದ ಹಾಗೆ ಉತ್ತರ ಬರುತ್ತಿತ್ತು. ಆ ಸದ್ದಿಗೆ ದೊಡ್ಡವ್ವ ಪ್ರತಿ ಸಲ ನನ್ನ ಕೈ ಹಿಡಿಯುತ್ತಿದ್ದರು.

ದೊಡ್ಡಪ್ಪ, ದೊಡ್ಡವ್ವ, ಅವರ ಮೊಮ್ಮಗ, ಮೂವರೂ ಗಣಪತಿ ನೋಡೋಕೆ ಬಾಗಲಕೋಟೆಯಿಂದ ಬಂದಿದ್ದರು. ಆ ಸಲ ಚೌತಿ 27ಕ್ಕೆ. ನಮ್ಮ ಡೊಂಬಿವಲಿ ಮನೆಯ ಗಣಪನನ್ನು ಕಳಿಸಿಕೊಟ್ಟ ಮೇಲೆ ಊರು ತೋರಿಸೋದು ನನ್ನ ಜವಾಬ್ದಾರಿ. ಮೊದಲ ದಿನವೇ ವಿಟಿ, ಆಮೇಲೆ ಗೇಟ್‌ವೇ ಆಫ್ ಇಂಡಿಯಾ, ಸಂಜೆ ಲಾಲ್‌ಬಾಗಿನ ಗಣಪತಿ. ಹಾಗಂತ ಹಾಕಿಕೊಂಡಿದ್ದೆ.

ಮರಾಠಾ ಮೀಸಲಾತಿಗಾಗಿ ಮನೋಜ್ ಜರಾಂಗೆ ಪಾಟೀಲರು ಹಿಂದಿನ ದಿನವೇ ಆಝಾದ್ ಮೈದಾನದಲ್ಲಿ ಉಪವಾಸಕ್ಕೆ ಕೂತಿದ್ದರು. ನನಗೆ ಅದು ಗೊತ್ತಿತ್ತು. ಪೊಲೀಸರು 5000 ಜನಕ್ಕೆ ಅನುಮತಿ ಕೊಟ್ಟಿದ್ದಾರೆ ಅಂತ ಓದಿದ್ದೆ. ಮೈದಾನದಲ್ಲಿ ಅವರಿರುತ್ತಾರೆ, ನಾವು ಈ ಕಡೆಯಿಂದ ಹೋದರಾಯಿತು ಅಂದುಕೊಂಡೆ. 22 ವರ್ಷದಿಂದ ಅಲ್ಲೇ ಹತ್ತಿರದ ಫೋರ್ಟ್ ಭಾಗದಲ್ಲಿ ಕೆಲಸ ಮಾಡುವವಳು ನಾನು. ಆಝಾದ್ ಮೈದಾನದಲ್ಲಿ ಯಾವಾಗಲೂ ಯಾರಾದರೂ ಧರಣಿ ಕೂತಿರುತ್ತಾರೆ. ಅಂಗನವಾಡಿಯವರು, ಶಿಕ್ಷಕರು, ಗಿರಣಿ ಕಾರ್ಮಿಕರು. ಅವರ ಪಕ್ಕದಲ್ಲೇ ನಡೆದು ಆಫೀಸಿಗೆ ಹೋಗಿ ಅಭ್ಯಾಸ. ಆ ಅಭ್ಯಾಸವೇ ಅವತ್ತು ನನ್ನ ತಪ್ಪಾಯಿತು. ಪೇಪರಿನಲ್ಲಿದ್ದ ಅಂಕಿ ನೋಡಿದೆ, ಹಿಂದಿನ ದಿನ ಊರಿಗೆ ಬಂದಿಳಿದ ಗಾಡಿಗಳನ್ನು ಲೆಕ್ಕ ಹಿಡಿಯಲಿಲ್ಲ. ಮೈದಾನ ತುಂಬಿ, ಅದರ ಮುಂದಿನ ರಸ್ತೆ ತುಂಬಿ, ಮಹಾನಗರಪಾಲಿಕೆ ಕಟ್ಟಡದ ಎದುರಿನ ಚೌಕ ತುಂಬಿ, ಉಳಿದವರು ಮಳೆಗೆ ಸ್ಟೇಷನ್ ಒಳಗೆ ಬಂದಿದ್ದರು.

ಹೊರಗೆ ಹೋಗೋಣ ಅಂದರೆ ಸಬ್‌ವೇ ಮೆಟ್ಟಿಲ ಮೇಲೆಲ್ಲ ಜನ. ಮೊಮ್ಮಗ ನುಗ್ಗೋಣ ಅಂದ. ದೊಡ್ಡಪ್ಪನಿಗೆ 71 ವರ್ಷ, ಸಕ್ಕರೆ ಕಾಯಿಲೆ ಇದೆ. ನುಗ್ಗಲಿಲ್ಲ. ಕಂಬ ನೋಡಿ ಕೂತೆವು. ಅವತ್ತು ನಾನು ಮಾಡಿದ ಸರಿಯಾದ ಕೆಲಸ ಅದೊಂದೇ ಇರಬೇಕು.

ಕೂತ ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿದ್ದ ಒಬ್ಬರು ನಮ್ಮ ಮಾತು ಕೇಳಿ ತಿರುಗಿದರು. "ಬಾಗಲಕೋಟಿ ಕಡಿಯವ್ರೇನ್ರಿ?" ಅಂದರು. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲ್ಲೂಕಿನವರು. ಊರಲ್ಲೆಲ್ಲ ಕನ್ನಡವೇ ಮಾತಾಡುತ್ತಾರಂತೆ. ಅವರ ಅಕ್ಕನನ್ನು ಜಮಖಂಡಿಗೆ ಕೊಟ್ಟಿದೆಯಂತೆ. ದೊಡ್ಡವ್ವನ ಮುಖ ನೋಡಬೇಕಿತ್ತು. ಐದು ನಿಮಿಷದಲ್ಲಿ ಜಮಖಂಡಿಯ ಯಾವ ಓಣಿ, ಯಾರ ಮನೆ ಅಂತೆಲ್ಲ ಮಾತಾಯಿತು. "ಏನ್ ಬೇಕಪಾ ನಿಮಗ, ಇಷ್ಟ ದೂರ ಬಂದೀರಿ?" ಅಂತ ದೊಡ್ಡವ್ವ ಕೇಳಿದರು. "ಮಗಗ ಸೀಟ್ ಸಿಗಲಿ, ನೌಕರಿ ಸಿಗಲಿ ಅಂತರೀ. ಹೊಲದಾಗ ಏನೂ ಉಳದಿಲ್ಲ" ಅಂದರು ಅವರು. ಬಟ್ಟೆಯ ಗಂಟು ಬಿಚ್ಚಿ ಎರಡು ಭಾಕ್ರಿ, ಅದರ ಮೇಲೆ ಒಂದು ಬೆರಳಷ್ಟು ಠೇಚಾ, ಮೆಣಸಿನಕಾಯಿ ಚಟ್ನಿ, ಇಟ್ಟು ಕೊಟ್ಟರು. ದೊಡ್ಡಪ್ಪ ಮಾತ್ರೆ ತಗೊಂಡು ಎರಡು ತಾಸಾಗಿತ್ತು, ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಆ ಭಾಕ್ರಿ ಅವರಿಗೆ ಔಷಧಿಯಾಯಿತು.

ಅದೇ ಹೊತ್ತಿಗೆ, ಹತ್ತು ಮಾರು ಆಚೆ, ಮೊಮ್ಮಗ ಸಿಕ್ಕಿಬಿದ್ದ.

ಅವನು ಹತ್ತನೇ ಕ್ಲಾಸು. ಮೊಬೈಲ್ ಎತ್ತಿ ವಿಡಿಯೋ ಮಾಡುತ್ತಾ ಹೋಗಿದ್ದಾನೆ. ಒಬ್ಬರು ಟವೆಲ್ ಸುತ್ತಿಕೊಂಡು ಬಟ್ಟೆ ಬದಲಿಸುತ್ತಿದ್ದರಂತೆ. ಅವರ ಜೊತೆಗಿದ್ದ ಹುಡುಗ ಬಂದು ಇವನ ಮಣಿಕಟ್ಟು ಹಿಡಿದ. ನಾನು ಓಡಿ ಹೋಗೋ ಹೊತ್ತಿಗೆ ಏಳೆಂಟು ಜನ ಸೇರಿದ್ದರು. ಯಾರೂ ಹೊಡೆದಿರಲಿಲ್ಲ. ಆದರೆ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಇವನಿಗೆ ಮರಾಠಿ ಬರಲ್ಲ, ಹೆದರಿ ಮೊಬೈಲ್ ಎದೆಗೆ ಒತ್ತಿಕೊಂಡಿದ್ದ. ಅದನ್ನು ನೋಡಿ ಅವರಿಗೆ ಇನ್ನೂ ಅನುಮಾನ. "ಚುಕಲಂ ದಾದಾ, ಲಹಾನ್ ಆಹೇ" ಅಂದೆ. ತಪ್ಪಾಯ್ತಣ್ಣ, ಚಿಕ್ಕವನು. ಮೊಬೈಲ್ ತಗೊಂಡು ಅವರ ಕಣ್ಣೆದುರಿಗೇ ವಿಡಿಯೋ ಅಳಿಸಿದೆ. ಅಳಿಸಿದ ಫೋಟೋಗಳು ಹೋಗಿ ಕೂರುವ ಜಾಗದಿಂದಲೂ ಅಳಿಸಿದೆ. ಮಣಿಕಟ್ಟು ಬಿಟ್ಟರು. ಹುಡುಗನ ಕೈ ಮೇಲೆ ನಾಲ್ಕು ಬೆರಳಿನ ಕೆಂಪು ಗುರುತು ಉಳಿದಿತ್ತು.

ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ರಸ್ತೆಯಲ್ಲಿ ಸ್ನಾನ ಮಾಡುವ, ಕುಣಿಯುವ ಅವರ ವಿಡಿಯೋಗಳು ಆಗಲೇ ಊರೆಲ್ಲ ಓಡಾಡುತ್ತಿದ್ದವು. ಅದರ ಕೆಳಗೆ ಜನ ಏನೇನೋ ಬರೆದಿದ್ದರು. ಮನೆ ಬಿಟ್ಟು ಬಂದು, ಮಳೆಯಲ್ಲಿ ನೆನೆದು, ಶೌಚಕ್ಕೆ ಜಾಗ ಹುಡುಕಿ ಒದ್ದಾಡುವವರಿಗೆ ಎದುರಿಗೆ ಎದ್ದ ಮೊಬೈಲ್ ಹೇಗೆ ಕಾಣಬೇಡ? ಪ್ರವಾಸಿಗರಿಗೆ ನಾನು ಮೊದಲು ಹೇಳೋ ಮಾತು ಇದೇ: ಮೊಬೈಲ್ ಜೇಬಲ್ಲಿರಲಿ. ಚಳವಳಿಗಾರರ ಮುಖ ಬೇಡ, ಪೊಲೀಸರ ಸಾಲು ಬೇಡ, ಅದರ ಮುಂದೆ ಸೆಲ್ಫಿಯಂತೂ ಬೇಡವೇ ಬೇಡ. ದಾರಿ ನೋಡಬೇಕಾದರೆ ಗೋಡೆ ಪಕ್ಕ ನಿಂತು ನೋಡಿ, ಮತ್ತೆ ಒಳಗಿಡಿ. ಬ್ಯಾಟರಿಯೂ ಉಳಿಯುತ್ತದೆ.

ಮಧ್ಯಾಹ್ನದ ಹೊತ್ತಿಗೆ ಕಲ್ಯಾಣ ಕಡೆಯ ಸ್ಲೋ ಲೋಕಲ್ ಹಿಡಿದೆವು. ಜನ ಎಲ್ಲ ವಿಟಿಗೆ ಬರುತ್ತಿದ್ದರು, ಹೋಗೋ ಗಾಡಿ ಖಾಲಿ. ನಾಲ್ಕೂ ಜನಕ್ಕೆ ಕಿಟಕಿ ಪಕ್ಕ ಸೀಟು ಸಿಕ್ಕಿತು. ದೊಡ್ಡವ್ವ ದಾರಿಯುದ್ದಕ್ಕೂ ಅಕ್ಕಲಕೋಟೆಯವರ ಮಾತೇ. "ಎಷ್ಟ ಚಲೋ ಮಂದಿ" ಅಂದರು. ಮೊಮ್ಮಗ ಕೈ ನೋಡಿಕೊಳ್ಳುತ್ತಾ ಸುಮ್ನೆ ಕೂತಿದ್ದ. ಒಂದೇ ಪ್ಲಾಟ್‌ಫಾರ್ಮ್, ಒಂದೇ ತಾಸು. ಇಬ್ಬರು ಕಂಡದ್ದೂ ನಿಜ.

ಆಮೇಲೆ ನಾನು ತುಂಬಾ ಯೋಚನೆ ಮಾಡಿದೆ. ಹೊರಗಿನಿಂದ ಬಂದವರು ಗುಂಪನ್ನು ನೋಡಿದ ಕೂಡಲೇ ಕೇಳೋ ಪ್ರಶ್ನೆ ಒಂದೇ. ಇವರು ಒಳ್ಳೆಯವರೋ ಕೆಟ್ಟವರೋ? ಆ ಪ್ರಶ್ನೆಯಿಂದ ಏನೂ ಉಪಯೋಗವಿಲ್ಲ. ಕೇಳಬೇಕಾದ್ದು, ಈಗ ಎಷ್ಟು ಹೊತ್ತಾಗಿದೆ? ಗಡಿಯಾರದ ಹೊತ್ತಲ್ಲ, ಆ ಚಳವಳಿಯ ಹೊತ್ತು. ಇವತ್ತು ಬಂದಿಳಿದವರೋ, ಮೂರು ದಿನದಿಂದ ಕೂತವರೋ? ಯಾರಾದರೂ ಗಡುವು ಕೊಟ್ಟಿದ್ದಾರಾ? ಇವತ್ತು ಎದ್ದು ಹೋಗೋ ದಿನವಾ? ಬಂದಿಳಿದ ದಿನ ಜನಕ್ಕೆ ಉತ್ಸಾಹ ಜಾಸ್ತಿ, ದಾರಿ ಗೊತ್ತಿರಲ್ಲ, ನೂಕುನುಗ್ಗಲು. ನಡುವಿನ ದಿನಗಳಲ್ಲಿ ಅಡುಗೆ, ನಿದ್ದೆ, ಹಾಡು, ರಸ್ತೆಯಲ್ಲೇ ಕಬಡ್ಡಿ. ಗಡುವು ಬಿದ್ದ ಮೇಲೆ ಅದೇ ಜನ, ಅದೇ ಜಾಗ, ಗಾಳಿ ಮಾತ್ರ ಬೇರೆ.

ಈ ಹೊತ್ತು ನೋಡೋದನ್ನು ನನಗೆ ಕಲಿಸಿದ್ದು ಆಫೀಸಿನ ಹತ್ತಿರದ ಉಡುಪಿ ಹೋಟೆಲಿನ ಶೆಟ್ರು. 40 ವರ್ಷದಿಂದ ಅದೇ ಗಲ್ಲಾದಲ್ಲಿ ಕೂತವರು. ಅವರ ಹೋಟೆಲಿನ ಶಟರೇ ನಮಗೆ ಸುದ್ದಿ. ಪೂರ್ತಿ ಮೇಲಿದ್ದರೆ ಏನೂ ತೊಂದರೆ ಇಲ್ಲ. ಅರ್ಧ ಎಳೆದಿದ್ದರೆ ಒಳಗೆ ಇಡ್ಲಿ ಸಿಗುತ್ತದೆ, ಆದರೆ ಬೇಗ ತಿಂದು ಹೊರಡಬೇಕು. ಸೊಂಟದ ಮಟ್ಟಕ್ಕೆ ಇಳಿದು, ಹುಡುಗರು ಹೊರಗಿನ ಬೋರ್ಡು, ಕುಡಿಯೋ ನೀರಿನ ಡ್ರಮ್ಮು ಒಳಗೆ ತರುತ್ತಿದ್ದರೆ ಆ ಕಡೆ ಹೋಗಲೇಬಾರದು. 2018ರ ಜನವರಿ 3ರಂದು, ಪುಣೆ ಹತ್ತಿರದ ಭೀಮಾ ಕೋರೆಗಾಂವ್ ಗಲಾಟೆಯ ನಂತರ ರಾಜ್ಯ ಬಂದ್ ಆದಾಗ, ಅವರು ನಾಲ್ಕು ಜನ ಗುರುತಿಲ್ಲದವರನ್ನು ಸಂಜೆಯವರೆಗೆ ಶಟರ್ ಒಳಗೆ ಕೂರಿಸಿಕೊಂಡಿದ್ದರು. ಬೆಂಗಳೂರಿಂದ ಬಂದ ಗಂಡ ಹೆಂಡತಿ ಎರಡು ಮಕ್ಕಳು. ಲೋಕಲ್ ನಿಂತಿತ್ತು, ಟ್ಯಾಕ್ಸಿ ಇರಲಿಲ್ಲ. ಬಿಲ್ಲು ತಗೊಳ್ಳಲಿಲ್ಲ.

ನಿಮಗೆ ಶೆಟ್ರ ಪರಿಚಯ ಇಲ್ಲದಿರಬಹುದು. ಆದರೆ ಯಾವ ಊರಿನಲ್ಲೂ ಶಟರ್ ಇರುತ್ತದೆ. ಬೀದಿ ವ್ಯಾಪಾರಿ ತಳ್ಳುಗಾಡಿ ತಿರುಗಿಸಿದರೆ, ಸಾಲಾಗಿ ನಿಲ್ಲುವ ಟ್ಯಾಕ್ಸಿಗಳು ಕಾಣದಿದ್ದರೆ, ಬಸ್ಸಿನ ಕಿಟಕಿಗೆ ಜಾಳಿಗೆ ಕಟ್ಟಿದ್ದರೆ, ಮೊಬೈಲ್ ಸುದ್ದಿಗಿಂತ ಅದನ್ನು ನಂಬಿ. ಚಹಾದವನನ್ನು ಕೇಳಿ. ಮುಂಬಯಿಯಲ್ಲಿ ದಾರಿ ಕೇಳಿದರೆ ಯಾರೂ ಮುಖ ತಿರುಗಿಸಲ್ಲ. ರೈಲು ಓಡುತ್ತಿದೆಯಾ ಅಂತ ನೋಡಲು ಎಂ-ಇಂಡಿಕೇಟರ್ ಆ್ಯಪಿನ ಮಾತುಕತೆ ಬಹಳ ಉಪಯೋಗ, ಗಾಡಿಯಲ್ಲಿ ಕೂತವರೇ ಅಲ್ಲಿ ಬರೆಯುತ್ತಾರೆ. ರಸ್ತೆಗೆ ಟ್ರಾಫಿಕ್ ಪೊಲೀಸರ ಎಕ್ಸ್ ಖಾತೆ.

ಭಾನುವಾರ ಮನೆಯಲ್ಲೇ ಇದ್ದೆವು. ಅವತ್ತು ನಾನು ಎರಡು ಕೆಲಸ ಮಾಡಿದೆ. ಅವರ ವಾಪಸ್ ಟಿಕೆಟ್ ಮಂಗಳವಾರ ರಾತ್ರಿ ವಿಟಿಯಿಂದ ಹೊಸಪೇಟೆ ಎಕ್ಸ್‌ಪ್ರೆಸ್‌ಗೆ ಇತ್ತು. ಹತ್ತುವ ಸ್ಟೇಷನ್ನನ್ನು ಕಲ್ಯಾಣಕ್ಕೆ ಬದಲಿಸಿದೆ. ಇದನ್ನು ಆನ್‌ಲೈನಿನಲ್ಲೇ ಮಾಡಬಹುದು. ಮುಂಚಿತವಾಗಿ ಮಾಡಬೇಕು, ಮತ್ತು ಒಮ್ಮೆ ಬದಲಿಸಿದರೆ ಹಳೆಯ ಸ್ಟೇಷನ್ನಿನಲ್ಲಿ ಹತ್ತುವ ಹಕ್ಕು ಹೋಗುತ್ತದೆ, ಅದು ನೆನಪಿರಲಿ. ಎರಡನೆಯದು, ನನ್ನ ನಂಬರು, ಮನೆಯ ವಿಳಾಸ, ದೊಡ್ಡಪ್ಪನ ಮಾತ್ರೆಗಳ ಹೆಸರು ಮೂರು ಚೀಟಿಯಲ್ಲಿ ಬರೆದೆ. ಒಂದು ಮೊಮ್ಮಗನ ಜೇಬಿಗೆ, ಒಂದು ದೊಡ್ಡಪ್ಪನ ಅಂಗಿಗೆ. ದೊಡ್ಡವ್ವ ತನ್ನದನ್ನು ಮಡಚಿ ಸಂಚಿಯೊಳಗೆ, ಸುಣ್ಣದ ಡಬ್ಬಿಯ ಕೆಳಗೆ ಇಟ್ಟುಕೊಂಡರು. ಮೊಬೈಲ್ ಕಳೆದುಹೋಗುತ್ತದೆ, ಚಾರ್ಜು ಮುಗಿಯುತ್ತದೆ, ಜನ ಜಾಸ್ತಿಯಾದರೆ ನೆಟ್‌ವರ್ಕೇ ಸಿಗಲ್ಲ. ದೊಡ್ಡವ್ವನ ಸಂಚಿ 50 ವರ್ಷದಿಂದ ಕಳೆದಿಲ್ಲ.

ದೊಡ್ಡಪ್ಪನದು ಒಂದೇ ಮಾತು. "ಇಷ್ಟ ದೂರ ಬಂದು ಗೇಟ್‌ವೇ ನೋಡಲಾರ್ದ ಹೋಗೂದೇನ್?"

ಊರು ನೋಡೋಕೆ ಬಂದವರನ್ನು ಅಪಾಯಕ್ಕೆ ತಳ್ಳೋದು ಹೆಚ್ಚಾಗಿ ಈ ಮಾತೇ. ರಜೆ ಹಾಕಿದ್ದೇವೆ, ದುಡ್ಡು ಕೊಟ್ಟಿದ್ದೇವೆ, ಮತ್ತೆ ಯಾವಾಗ ಬರ್ತೀವೋ. ನನಗೂ ಬೇಡ ಅನ್ನೋಕೆ ಬಾಯಿ ಬರಲಿಲ್ಲ. ಜೀವನದಲ್ಲಿ ಮೊದಲ ಸಲ ಸಮುದ್ರ ನೋಡೋಕೆ ಬಂದವರು ಅವರು. ಕೊನೆಗೆ ಸೋಮವಾರ ಬೆಳಗ್ಗೆ ಹೋಗೋದು, ಹನ್ನೆರಡರೊಳಗೆ ವಾಪಸ್ ಗಾಡಿ ಹತ್ತೋದು ಅಂತ ಒಪ್ಪಂದವಾಯಿತು. ದಾರಿ ಬೇರೆ ಹಿಡಿದೆವು. ವಿಟಿಗೆ ಹೋಗಲಿಲ್ಲ. ದಾದರ್‌ನಲ್ಲಿ ಇಳಿದು, ಸೇತುವೆ ದಾಟಿ ವೆಸ್ಟರ್ನ್ ಲೈನಿಗೆ ಬಂದು, ಚರ್ಚ್‌ಗೇಟಿಗೆ ಹೋದೆವು. ಚರ್ಚ್‌ಗೇಟಿಗೂ ವಿಟಿಗೂ ನಡೆಯೋ ದೂರ ಅಷ್ಟೇ, ಆದರೆ ಅಂಥ ದಿನ ಅವು ಎರಡು ಬೇರೆ ಊರು. ಈಗಂತೂ ಮೆಟ್ರೊ 3 ಕೂಡ ಇದೆ. ಅದು ಕಫ್ ಪರೇಡ್‌ವರೆಗೆ ಶುರುವಾಗಿದ್ದು 2025ರ ಅಕ್ಟೋಬರಿನಲ್ಲಿ, ನಮಗೆ ಸಿಗಲಿಲ್ಲ. ಮುಂಬಯಿಗೆ ಬರುವವರು ಸೆಂಟ್ರಲ್, ವೆಸ್ಟರ್ನ್, ಮೆಟ್ರೊ 3, ಈ ಮೂರೂ ಲೈನು ದಕ್ಷಿಣದಲ್ಲಿ ಎಲ್ಲೆಲ್ಲಿ ಮುಗಿಯುತ್ತವೆ ಅಂತ ಮೊದಲೇ ನೋಡಿಕೊಂಡಿರಬೇಕು. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ಗೊತ್ತಿರಬೇಕು, ಅಲ್ವಾ?

ತಪ್ಪಿಸಿಕೊಂಡರೆ ಎಲ್ಲಿ ಸೇರೋದು ಅಂತಲೂ ಮಾತಾಡಿಕೊಂಡೆವು. ಗುಂಪಿನೊಳಗೆ ಹುಡುಕಾಡಬಾರದು. ಇಬ್ಬರೂ ಹುಡುಕಿದರೆ ಇಬ್ಬರೂ ಕಳೆದುಹೋಗುತ್ತಾರೆ. ನಾವು ಗೊತ್ತು ಮಾಡಿದ್ದು ಒಂದು ಸ್ಟೇಷನ್ ಹಿಂದೆ, ಮರೀನ್ ಲೈನ್ಸ್ ಟಿಕೆಟ್ ಕಿಟಕಿ.

ಗೇಟ್‌ವೇ ಹತ್ತಿರ ಸಮುದ್ರದ ಕಟ್ಟೆಗೆ ಕೈ ಊರಿ ದೊಡ್ಡಪ್ಪ ಬಹಳ ಹೊತ್ತು ನಿಂತರು. ಏನೂ ಮಾತಾಡಲಿಲ್ಲ. ನಾನು ಗಡಿಯಾರ ನೋಡುತ್ತಾ ನಿಂತಿದ್ದೆ.

ವಾಪಸ್ ಬರುವಾಗ ಶೆಟ್ರ ಹೋಟೆಲಿಗೆ ಹೋದೆವು. ಶಟರ್ ಅರ್ಧಕ್ಕಿತ್ತು. ಬಗ್ಗಿ ಒಳಗೆ ಹೋದೆವು. "ಇವತ್ತು ಕೋರ್ಟಲ್ಲಿ ಉಂಟು ಮಾರಾಯ್ರೆ, ಏನಾಗ್ತದೆ ಗೊತ್ತಿಲ್ಲ. ತಿಂದು ಹೊರಡಿ" ಅಂದರು. ದೊಡ್ಡವ್ವನಿಗೆ ಒಳಗಿನ ಬಚ್ಚಲು ತೋರಿಸಿದರು. ಇದನ್ನು ಬರೆಯಲೇಬೇಕು. ಇಂಥ ದಿನ ಹೆಂಗಸರಿಗೆ, ವಯಸ್ಸಾದವರಿಗೆ ಎಲ್ಲಕ್ಕಿಂತ ದೊಡ್ಡ ಕಷ್ಟ ಇದೇ. ದೊಡ್ಡವ್ವ ಶನಿವಾರ ಇಡೀ ಬೆಳಗ್ಗೆ ಒಂದು ಗುಟುಕು ನೀರು ಕುಡಿದಿರಲಿಲ್ಲ, ಎಲ್ಲಿ ಹೋಗೋದು ಅಂತ. ಸಂಜೆ ತಲೆ ಸುತ್ತು ಬಂದಿತ್ತು. ಹೋಟೆಲ್, ಆಸ್ಪತ್ರೆ, ಎಲ್ಲಿ ಅವಕಾಶ ಸಿಕ್ಕಿದರೂ ಬಿಡಬೇಡಿ. ವಿಟಿಗೆ ಹೊಂದಿಕೊಂಡೇ ಸೇಂಟ್ ಜಾರ್ಜ್ ಸರ್ಕಾರಿ ಆಸ್ಪತ್ರೆ ಇದೆ, ತುರ್ತಿಗೆ ಅದು ನೆನಪಿರಲಿ.

ಅವತ್ತು ಮಧ್ಯಾಹ್ನ ಹೈಕೋರ್ಟು ರಸ್ತೆಗಳನ್ನು ಖಾಲಿ ಮಾಡಬೇಕು ಅಂತ ಹೇಳಿ ಮರುದಿನದ ಗಡುವು ಕೊಟ್ಟಿತು. ನಾವು ಅಷ್ಟರಲ್ಲಿ ಮನೆಯಲ್ಲಿದ್ದೆವು. ಮಂಗಳವಾರ ಬೆಳಗ್ಗೆಯಿಂದ ಟಿವಿ ಮುಂದೆ ಕೂತಿದ್ದೆವು. ಗಡುವಿನ ದಿನ ಆ ಕಡೆ ಕಾಲಿಡಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಪೊಲೀಸರು ಮೈಕಿನಲ್ಲಿ ಚದುರಿ ಅಂದ ಮೇಲೆ ಯಾರು ಪ್ರವಾಸಿ, ಯಾರು ಚಳವಳಿಗಾರ ಅಂತ ಲಾಠಿಗೆ ಗೊತ್ತಾಗಲ್ಲ. ಮುಂಬಯಿಯಲ್ಲಿ ಜಮಾವ್‌ಬಂದಿ ಅನ್ನುತ್ತಾರೆ, ಹಿಂದೆ 144 ಅಂತಿದ್ದೆವಲ್ಲ, ಅದು. 2024ರ ಜುಲೈಯಿಂದ ಹೊಸ ಸಂಹಿತೆಯಲ್ಲಿ 163ನೇ ಕಲಂ. ಐದು ಜನ ಸೇರಬಾರದು ಅಂತ ಆದೇಶ ಇದ್ದರೆ ಆರು ಜನರ ಸಂಸಾರ ಮೂಲೆಯಲ್ಲಿ ನಿಂತು ಐಸ್‌ಕ್ರೀಮ್ ತಿನ್ನೋದೂ ಕಷ್ಟವೇ. ಹೊರಡಿ ಅಂದರೆ ಹೊರಡಬೇಕು. ವಾದ ಬೇಡ, ಓಟವೂ ಬೇಡ. ಓಡುವವರ ಹಿಂದೆ ಎಲ್ಲರೂ ಓಡುತ್ತಾರೆ. ಪಕ್ಕದ ಗಲ್ಲಿಗೆ, ಅಂಗಡಿಯೊಳಗೆ, ಹೋಟೆಲಿನ ಒಳಗೆ ಸರಿಯಬೇಕು. ಅಶ್ರುವಾಯು ಬಂದರೆ ಕಣ್ಣುಜ್ಜಬಾರದು, ಗಾಳಿ ಬರುವ ಕಡೆಗೆ ನಡೆದು ಬರೀ ನೀರಿನಲ್ಲಿ ತೊಳೆಯಬೇಕು. ಸಹಾಯಕ್ಕೆ 112, ರೈಲಿನದಾದರೆ 139.

ಆದರೆ ನನಗೆ ಲಾಠಿಗಿಂತ ಹೆಚ್ಚು ಭಯ ಮೆಟ್ಟಿಲಿನದು. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಸೇತುವೆಯಲ್ಲಿ 20ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಯಾವ ಚಳವಳಿಯೂ ಇರಲಿಲ್ಲ, ಮಳೆ ಇತ್ತು ಅಷ್ಟೇ. ಕಿರಿದಾದ ಮೆಟ್ಟಿಲಲ್ಲಿ ಜನ ಸಿಕ್ಕಿಕೊಂಡರೆ ಸಾಕು. ಅದಕ್ಕೇ ಶನಿವಾರ ಸಬ್‌ವೇ ಕಡೆ ಹೋಗಲಿಲ್ಲ. ಸಿಕ್ಕಿಕೊಂಡೇಬಿಟ್ಟರೆ ಎರಡೂ ಮುಂಗೈ ಎದೆಯ ಮುಂದೆ ಅಡ್ಡ ಹಿಡಿದುಕೊಳ್ಳಿ, ಉಸಿರಿಗೆ ಅಷ್ಟು ಜಾಗ ಬೇಕು. ಜನ ಹೋಗುವ ಕಡೆಗೇ ಹೋಗುತ್ತಾ ಓರೆಯಾಗಿ ಅಂಚಿಗೆ ಸರಿಯಿರಿ. ಚಪ್ಪಲಿ ಹೋದರೆ ಹೋಗಲಿ, ಬಗ್ಗಬೇಡಿ. ಹಾಗೆಯೇ ರೈಲ್ ರೋಕೊ. 2018ರ ಮಾರ್ಚ್ 20ರಂದು ದಾದರ್ ಮಾಟುಂಗಾ ನಡುವೆ, 2024ರ ಆಗಸ್ಟ್ 20ರಂದು ಬದ್ಲಾಪುರದಲ್ಲಿ ಹಳಿ ಮೇಲೆ ಜನ ಕೂತಿದ್ದರು, ಬದ್ಲಾಪುರದಲ್ಲಂತೂ ಹೆಚ್ಚುಕಡಿಮೆ ಇಡೀ ದಿನ. ಗಾಡಿ ನಡುವೆ ನಿಂತಿತು ಅಂತ ಹಳಿಗೆ ಇಳಿಯಬೇಡಿ. ಈ ಹಳಿ ನಿಂತಿದೆ ಅಂತ ಪಕ್ಕದ ಹಳಿಯೂ ನಿಂತಿರಬೇಕಿಲ್ಲ.

ಇನ್ನೊಂದು ಮಾತು ನಮ್ಮವರಿಗೇ. ಜಗಳ ನಮ್ಮ ಗಡಿಯದೇ ಆದಾಗ ಗಾಡಿಯ ಕೆಎ ನಂಬರ್ ಪ್ಲೇಟು ದೂರದಿಂದಲೇ ಕಾಣುತ್ತದೆ. 2022ರ ಡಿಸೆಂಬರಿನಲ್ಲಿ ಬೆಳಗಾವಿ ಬಳಿಯ ಹಿರೇಬಾಗೇವಾಡಿ ಟೋಲ್ ಹತ್ತಿರ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿದ್ದಾಗ, ಪುಣೆಯಲ್ಲಿ ನಮ್ಮ ಬಸ್ಸುಗಳಿಗೆ ಬಣ್ಣ ಬಳಿದರು. 2025ರ ಫೆಬ್ರವರಿಯಲ್ಲಿ ಬೆಳಗಾವಿಯಲ್ಲಿ ಭಾಷೆಯ ಜಗಳಕ್ಕೆ ಬಸ್ ಕಂಡಕ್ಟರ್ ಮೇಲೆ ಹಲ್ಲೆಯಾದಾಗ ಎರಡೂ ಕಡೆಯ ಬಸ್ ಓಡಾಟ ನಿಂತಿತು. ಅಂಥ ವಾರ ಕಾರು ಬಿಟ್ಟು ರೈಲು ಹತ್ತಿ. ಎರಡೂ ಕಡೆ ನನ್ನ ಜನ ಇದ್ದಾರೆ, ಇದನ್ನು ಬರೆಯೋಕೆ ನನಗೆ ನೋವಾಗುತ್ತದೆ.

ಇಷ್ಟೆಲ್ಲ ಹೇಳಿದ್ದು ಹೆದರಿಸೋಕಲ್ಲ. 2018ರ ಮಾರ್ಚಿನಲ್ಲಿ ರೈತರು ನಾಸಿಕದಿಂದ ಸುಮಾರು 180 ಕಿಲೋಮೀಟರ್ ನಡೆದು ಬಂದಾಗ, ಹತ್ತನೇ ಕ್ಲಾಸಿನ ಪರೀಕ್ಷೆ ಇದೆ, ಮಕ್ಕಳಿಗೆ ತೊಂದರೆ ಬೇಡ ಅಂತ ಕೊನೆಯ ದಾರಿಯನ್ನು ರಾತ್ರಿಯೇ ನಡೆದು ಮುಗಿಸಿದರು. ಊರಿನ ಜನ ಅವರಿಗೆ ನೀರು, ಬಿಸ್ಕತ್ತು, ಚಪ್ಪಲಿ ಕೊಟ್ಟರು. ಆ ರಾತ್ರಿ ಈ ಊರಿನಲ್ಲಿ ಒಬ್ಬ ಪ್ರವಾಸಿಗೂ ಹೆದರಿಕೆ ಆಗಬೇಕಿರಲಿಲ್ಲ.

ಮಂಗಳವಾರ ಸಂಜೆ ಸರ್ಕಾರ ಬಹುಪಾಲು ಬೇಡಿಕೆ ಒಪ್ಪಿತು, ಜರಾಂಗೆಯವರು ಉಪವಾಸ ಬಿಟ್ಟರು. ಟಿವಿಯಲ್ಲಿ ಗುಲಾಲು ಹಾರುತ್ತಿತ್ತು. ದೊಡ್ಡವ್ವ ದೇವರಿಗೆ ಕೈ ಮುಗಿದರು. ಆಗಲೇ ನನಗೆ ಹೊಳೆದದ್ದು, ಹೊಸಪೇಟೆ ಗಾಡಿ ಹೋಗೋದೇ ಸೊಲ್ಲಾಪುರದ ಮೇಲೆ. ಎದ್ದು ಹೋಗೋ ಹೊತ್ತೂ ಒಂದು ಹೊತ್ತೇ, ಎಲ್ಲರೂ ಒಂದೇ ಸಲ ಮನೆಗೆ ಹೊರಡುತ್ತಾರೆ. ಒಂದು ತಾಸು ಮೊದಲೇ ಕಲ್ಯಾಣಕ್ಕೆ ಹೋದೆವು. ಕೋಚು ಎಲ್ಲಿ ನಿಲ್ಲುತ್ತದೆ ಅಂತ ಕೇಳಿಕೊಂಡು ಅಲ್ಲೇ ನಿಂತೆವು. ಗಾಡಿ ಬಂದಾಗ ಬಾಗಿಲಲ್ಲೇ ಜನ. ಎಲ್ಲರ ಹಣೆ, ಕಿವಿ, ಅಂಗಿ ಗುಲಾಲು. ನಾನು ಮರಾಠಿಯಲ್ಲಿ ಆಜಿ ಆಜೋಬಾ ಇದ್ದಾರೆ ಅಂದೆ. ಕೈ ಹಿಡಿದು ಒಳಗೆ ಎಳೆದುಕೊಂಡರು. ದೊಡ್ಡಪ್ಪನ ಕೆಳಗಿನ ಬರ್ತ್ ಮೇಲೆ ನಾಲ್ವರು ಕೂತಿದ್ದರು, ಎದ್ದು ಜಾಗ ಬಿಟ್ಟರು. ಮೊಮ್ಮಗ ಮೊಬೈಲ್ ಜೇಬಿನಲ್ಲಿಟ್ಟು ಕಿಟಕಿಯಿಂದ ಕೈ ಬೀಸಿದ.

ಬೆಳಗ್ಗೆ ದೊಡ್ಡವ್ವನ ಫೋನು ಬಂತು. ವಿಜಯಪುರ ದಾಟಿತ್ತಂತೆ.

"ಸೊಲ್ಲಾಪುರದಾಗ ಎಲ್ಲಾರೂ ಇಳದ್ರು ತಂಗಿ. ನಿಮ್ಮ ದೊಡ್ಡಪ್ಪಗ ಛಲೋ ನಿದ್ದಿ ಆತು. ಆದ್ರ ಚಾದರ ತುಂಬ ಗುಲಾಲ ಆಗೇತಿ, ತೊಳದ್ರ ಹೋಗತೈತೇನ?"